ಒದ್ದೆಯಾಗದ ಸೋಲಾರ್ ಹಾಳೆ

“ಈ ತೆಳು ಸೋಲಾರ್ ಹಾಳೆಗಳು ಕಾಪುವಿನ ಇಡೀ ಮಳೆಗಾಲ ನೆನೆದಿವೆ. ಒಂದು ಕಲೆ ಉಂಟಾ ನೋಡಿ!” ಎಂದ ಇಂಜಿನಿಯರ್ ಜೆಫ್ರಿ. ದೋಣಿಗಳಿಗಾಗಿ ಹಾಳೆ ಕೊಳ್ಳಲು ತಾರಸಿ ಹತ್ತಿ ಬಂದಿದ್ದ ಕಂಪೆನಿಯವರು ತಲೆದೂಗಿದರು. ಇದು ಮಳೆಯ ಪರೀಕ್ಷೆ ಎಂದು ಮನೆಯೊಡತಿ ಕುಶಲಾಳಿಗೆ ಗೊತ್ತಾದದ್ದೇ ಆಗ. ಅವಳ ಮೈಯೆಲ್ಲ ಉರಿಯಿತು. ನಾಳೆ ಇವು ಏರುವುದು ಅವಳ ಗಂಡನ ದೋಣಿಯನ್ನು. ನಡುಗಡಲಿನಲ್ಲಿ ದೀಪ, ವಯರ್‌ಲೆಸ್ ಎರಡಕ್ಕೂ ಇವೇ ಗತಿ.

“ಎಂತ ನೆನೆದದ್ದು ಮಾರಾಯ್ರೆ? ಮೋಡ ಕಂಡಾಗಲೆಲ್ಲ ‘ಕುಶಲಕ್ಕ, ಬೇಗ ಮುಚ್ಚಿ’ ಅಂತ ಫೋನ್ ಮಾಡಿದ್ದು ಯಾರು?”

ಜೆಫ್ರಿ ನಕ್ಕ. “ನಮ್ಮ ಅಕ್ಕನಿಗೆ ತಮಾಷೆ ಸ್ವಲ್ಪ ಜಾಸ್ತಿ.”

“ತಮಾಷೆಯಾ?” ನೀರಿನ ಟ್ಯಾಂಕಿಯ ಹಿಂದಿನಿಂದ ಪಾಚಿ ಹಿಡಿದ ಟರ್ಪಾಲನ್ನು ಎಳೆದು ತಂದು, ಅತಿಥಿಗಳ ಕಾಲಬುಡಕ್ಕೆ ಎಸೆದಳು. “ಪರೀಕ್ಷೆಯಲ್ಲಿ ಪಾಸಾದದ್ದು ಇದು. ಇದನ್ನೇ ತೆಗೆದುಕೊಂಡು ಹೋಗಿ!”