ಗುಂಪಿನಲ್ಲಿ ಉಳಿದವರು

ಕಾಲೇಜಿನ ಕಂಪ್ಯೂಟರಿನಲ್ಲಿ ಯಾರ್ಯಾರಿಗೆ ಯಾವ ಫೋಲ್ಡರ್ ತೆರೆಯುತ್ತದೆಂದು ಪ್ರಾಂಶುಪಾಲರು ಪರಿಶೀಲಿಸುತ್ತಿದ್ದರು. ಪಕ್ಕದಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥರು ಬೀಗುತ್ತ ಕುಳಿತಿದ್ದರು. ಅವರ ಕಿರುಕುಳದ ಬಗ್ಗೆ ದೂರು ಕೊಟ್ಟ ತಪ್ಪಿಗೆ ಕೆಲಸ ಕಳೆದುಕೊಳ್ಳಲಿದ್ದ ಕ್ಲರ್ಕ್ ವಾರಿಜ ಕೈಕಟ್ಟಿ ನಿಂತಿದ್ದಳು.

“ಪ್ರಶ್ನೆಪತ್ರಿಕೆ ಫೋಲ್ಡರ್ ಯಾರ್ಯಾರಿಗೆ ತೆರೆಯುತ್ತೆ?”

“ವಿಭಾಗದ ಎಲ್ಲರಿಗೂ ಇರಬೇಕು ಸಾರ್,” ಎಂದಳು ವಾರಿಜ ಮೆಲ್ಲಗೆ. “ಅಲ್ಲಿ ಇವರ ಮಾತು ಯಾರು ಕೇಳ್ತಾರೆ?”

ಮುಖ್ಯಸ್ಥರು ಕೆರಳಿದರು. “ಏನಮ್ಮಾ, ದೂರು ಕೊಟ್ಟ ದಿನವೇ ನಿನ್ನನ್ನೂ ನಿನ್ನ ಬಾಲಂಗೋಚಿಗಳನ್ನೂ ಆ ಫೋಲ್ಡರ್ ತೆರೆಯೋರ ಗುಂಪಿಂದ ಕಿತ್ತು ಹಾಕಲಿಲ್ವಾ? ಈಗ ಅದು ನನ್ನೊಬ್ಬನಿಗೇ ತೆರೆಯೋದು ಸಾರ್, ಬೇಕಾದ್ರೆ ನೋಡಿ!”

“ನೋಡಿದೆ. ನಿಜ,” ಎಂದ ಪ್ರಾಂಶುಪಾಲರು, ಬೆಳಿಗ್ಗೆ ವಾರಿಜ ಜೆರಾಕ್ಸ್ ಅಂಗಡಿಯಲ್ಲಿ ಕೊಂಡು ತಂದಿದ್ದ ನಾಳೆಯ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟರು.