ಹಿತ್ತಾಳೆ ಫಲಕ

ನಿವೃತ್ತಿಯ ದಿನ ಪಕ್ಕದ ಲೋಕದ ಕಿಟಕಿ ತೆರೆದು ಅಲ್ಲಿರುವ ತನ್ನನ್ನೇ ಮಾತನಾಡಿಸಿ ಬರುವುದು ಧಾರವಾಡದ ನೌಕರರಲ್ಲಿ ಹಳೆಯ ಪದ್ಧತಿ. ಆ ಕಿಟಕಿಯ ಲೆಕ್ಕ ಬಿಡಿಸಿದ ಕ್ವಾಂಟಂ ವಿಜ್ಞಾನಿ ನೀಲಾಂಬಿಕಾ ಇಂದು ತಾನೇ ಅದರ ಮುಂದೆ ಕೂತಳು. ಬೆನ್ನ ಹಿಂದಿನ ಹಿತ್ತಾಳೆ ಫಲಕದಲ್ಲಿ ಮಾತ್ರ, ಕಂಡುಹಿಡಿದವರು ಹಿಂದಿನ ನಿರ್ದೇಶಕ ಇನಾಮದಾರರು ಎಂದಿತ್ತು. ಅವರೇ ಇವತ್ತಿನ ಅತಿಥಿ, ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

ಕಿಟಕಿ ತೆರೆಯಿತು. ಆಚೆಯೂ ಅದೇ ನರೆಗೂದಲು, ಅದೇ ಸನ್ಮಾನದ ಶಾಲು.

"ಮೊಣಕಾಲು ಹ್ಯಾಂಗದಾವ?" ಎಂದಳು ಆಚೆಯವಳು.

"ನಿನ್ನಂಗ."

ಆಚೆಯ ಫಲಕದಲ್ಲಿ ತನ್ನ ಹೆಸರೇ ಇರುವುದು ನೀಲಾಂಬಿಕಾಳಿಗೆ ಕಂಡಿತು.

"ಫಲಕಕ್ಕ ತಮ್ಮ ಹೆಸರು ಹಾಕು ಅಂತ ಇನಾಮದಾರರು ಅಂದಾಗ ನೀ ಏನಂದಿ?" ಎಂದು ಕೇಳಿದಳು.

"ಹಾಕಂಗಿಲ್ಲ ಅಂದೆ. ನೀ?"

"ಹೂಂ ಅಂದೆ."

ಮೂವತ್ತು ವರ್ಷ ನುಂಗಿದ್ದ ಸಿಟ್ಟಿನಲ್ಲಿ ನೀಲಾಂಬಿಕಾ ಎದ್ದಳು. ಶಾಲನ್ನು ಇನಾಮದಾರರ ತೊಡೆಯ ಮೇಲೆ ಒಗೆದು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಫಲಕದ ಕೆಳಗೆ ಸ್ಟೂಲು ಹತ್ತಿದಳು.

"ಏನವಾ ಇದು? ಐದಕ್ಕ ರಿಟೈರ್ ಆಗಾಕಿ ನೀನು!"

"ಇನ್ನೂ ನಾಕೂವರಿ ಸರ್. ಕೆಲಸ ಉಳದದ."

ಎರಡು ಸ್ಕ್ರೂ ನೆಲಕ್ಕೆ ಬಿದ್ದವು.

ಆಚೆಯವಳು ಕಿಟಕಿಗೆ ಬಗ್ಗಿ ಹೇಳಿದಳು: "ಮೂರನೇದು ಭಾಳ ಬಿಗಿ ಅದ, ಜೋರು ಹಾಕು. ನಾ ಹಾಕಂಗಿಲ್ಲ ಅಂದ್ರೂ ಈ ಗ್ವಾಡಿ ಮ್ಯಾಲೂ ಮೊದಲು ಅವರ ಹೆಸರ ಇತ್ತು."