ಟವೆಲ್ಲಿನ ಕೆಳಗೆ ಗೆದ್ದ ಪಿಕ್ಚರ್

ಟಾಕಿಯ ಟೆಂಟಿನಲ್ಲಿ ಎರಡನೇ ಆಟ ಬಿಟ್ಟು ಬಹಳ ಹೊತ್ತಾಗಿತ್ತು. ಅಡುಗೆಮನೆಯ ಬಾಗಿಲ ಹಿಂದೆ ಬಳೆಗಳು ಒಮ್ಮೆ ಸಣ್ಣಗೆ ಸದ್ದು ಮಾಡಿದವು. ತನ್ನ ಮನೆಯ ಪಡಸಾಲೆಯಲ್ಲಿ ವಾದಕ್ಕೆ ಕೂತಿದ್ದ ಗುರುಪಾದಯ್ಯ ಮಾತು ನಿಲ್ಲಿಸಿ ಆ ಕಡೆ ನೋಡಿದ. ಮತ್ತೆ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಭಕ್ತನ ಪಿಕ್ಚರಿನ ಮುಂದ ಯಾವುದೂ ಇಲ್ರಿ, ಭಾವ. ದೇವರು ಮ್ಯಾಲಿಂದ ಇಳಿದು ಬರೋದು ಅದರಾಗಷ್ಟೇ ಐತಿ."

"ಇಳಿಸೋ ಹಗ್ಗನೂ ಕಾಣಸ್ತೈತಿ," ಎಂದ ಅವನ ಅಕ್ಕನ ಗಂಡ ಚನ್ನಬಸಯ್ಯ.

"ಹಗ್ಗ ಕಂಡ್ರೂ ಜನ ಕೈ ಮುಗಿದ್ರಲ್ಲ! ಅದಕ್ಕ ಪಿಕ್ಚರ್ ಅಂತಾರ. ನಿಮ್ಮ ಪಿಕ್ಚರಿನ ವಿಧವೆ ಏನ್ ಮಾಡ್ತಾಳ? ಎರಡು ತಾಸು ಅಳತಾಳ."

"ಅತ್ತು ಅತ್ತು ಅಕ್ಷರ ಕಲೀತಾಳ! ಆಮ್ಯಾಲ ಊರ ಹುಡುಗ್ಯಾರಿಗೆಲ್ಲ ಕಲಸ್ತಾಳ. ಈ ವರ್ಷ ಆದವಾನಿಗೆ ಬಂದ ಪಿಕ್ಚರಿನಾಗ ಅದೇ ಫಸ್ಟು!" ಚನ್ನಬಸಯ್ಯ ಈ ಮಾತನ್ನು ಬಾಗಿಲ ಕಡೆ ಮುಖ ಮಾಡಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ. ಬಾಗಿಲ ಹಿಂದೆ ಮನೆಯ ಹೆಂಗಸರ ಜೊತೆ ಅವನ ಹೆಂಡತಿ ಗುರುಲಿಂಗಮ್ಮನೂ ಇದ್ದಳು.

ಟೆಂಟು ನಿಂತಿದ್ದದ್ದು ಇವರಿಬ್ಬರ ಪಾಲುದಾರಿಕೆಯ ಹತ್ತಿ ಬಿಡಿಸುವ ಜಿನ್ನಿನ ಬಯಲಲ್ಲಿ. ಟೆಂಟಿನ ಮ್ಯಾನೇಜರ್ ಸಂಜೆ ಹೇಳಿ ಹೋಗಿದ್ದ: ಎರಡರಲ್ಲಿ ಒಂದು ಪಿಕ್ಚರನ್ನು ಇನ್ನೊಂದು ವಾರ ಆಡಿಸಬಹುದು, ಯಾವುದು ಉತ್ತಮವೆಂದು ಇಬ್ಬರು ಸಾಹುಕಾರರೂ ಒಂದೇ ಮಾತು ಹೇಳಬೇಕು. ಒಮ್ಮತವಾಗದಿದ್ದರೆ ಎರಡರ ರೀಲಿನ ಪೆಟ್ಟಿಗೆಗಳೂ ಬೆಳಗಿನ ರೈಲಿಗೆ. ಜಾಗ ಕೊಟ್ಟವರಲ್ಲಿ ಒಬ್ಬರ ಸಿಟ್ಟನ್ನೂ ಕಟ್ಟಿಕೊಳ್ಳಲು ಅವನು ತಯಾರಿರಲಿಲ್ಲ.

ಇಬ್ಬರ ನಡುವೆ ಪಂಚನಾಗಿ ಕೂತಿದ್ದ ಹತ್ತಿ ದಲ್ಲಾಳಿ ಗಾದಿಲಿಂಗಪ್ಪ ಎರಡೂ ಪಿಕ್ಚರ್ ನೋಡಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬೇರೆ. ಗುರುಪಾದಯ್ಯನ ಹೆಂಡತಿ ಗುರುಬಸಮ್ಮ ಮಗಳ ಬಾಣಂತನದಲ್ಲಿ ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ನಾಳೆಯಿಂದ ಅವಳಿಗೆ ಬಿಡುವು. ಮೊನ್ನೆ ಮಜ್ಜಿಗೆ ಕೊಡುವಾಗ, "ಆ ವಿಧವೆ ಕಡೀಕ ಏನಾಗ್ತಾಳಂತಪಾ?" ಎಂದು ತಗ್ಗಿದ ದನಿಯಲ್ಲಿ ಇವನನ್ನೇ ಕೇಳಿದ್ದಳು. ಪಕ್ಕದಲ್ಲಿದ್ದ ಗುರುಪಾದಯ್ಯ ಅದನ್ನು ಕೇಳಿಯೂ ಕೇಳದವನಂತಿದ್ದ. ಇನ್ನು ಚನ್ನಬಸಯ್ಯ, ಹೋದ ಸೋಮವಾರ ಮಾರ್ಕೆಟ್ಟಿನಲ್ಲಿ ಇವನ ಕಿವಿಯಲ್ಲಿ ತೋಡಿಕೊಂಡಿದ್ದ: "ಆ ಪಿಕ್ಚರ್ ನೋಡಿದಾಗಿಂದ ನಮ್ಮಾಕಿ ಸ್ಲೇಟು ಹಿಡಿದು ಕುಂತಾಳಪಾ. ರೊಟ್ಟಿ ಹೊತ್ತಿದ್ರೂ ಎಚ್ಚರಿಲ್ಲ. ಏನರ ಅಂದ್ರ ಆ ವಿಧವೆ ಹಂಗ ನೋಡ್ತಾಳ."

"ಬಾಯಿಂದ ಇದು ಮುಗಿಯಂಗಿಲ್ರಿ ಸಾವ್ಕಾರ್ರ," ಎಂದು ಗಾದಿಲಿಂಗಪ್ಪ ಹೆಗಲ ಟವೆಲ್ ತೆಗೆದು ಅಂಗೈ ಮೇಲೆ ಹಾಸಿಕೊಂಡ. "ಕೈ ಕೊಡ್ರಿ. ಭಕ್ತ ಅಂದ್ರ ಒಂದು ಬೆರಳು, ವಿಧವೆ ಅಂದ್ರ ಎರಡು."

ಹತ್ತಿ ಮಾರ್ಕೆಟ್ಟಿನಲ್ಲಿ ದರ ಕುದುರುವುದೇ ಹೀಗೆ. ಹೊರಗೆ ಎಷ್ಟೇ ಕೂಗಾಡಲಿ, ಮನಸ್ಸಿನ ದರವನ್ನು ಟವೆಲ್ಲಿನ ಕೆಳಗೆ ದಲ್ಲಾಳಿಯ ಅಂಗೈಗೆ ಬೆರಳು ಒತ್ತಿ ತಿಳಿಸಬೇಕು. ದಲ್ಲಾಳಿ ಹೇಳುವ ಮಾತೇ ಕೊನೆಯ ಮಾತು.

ಗುರುಪಾದಯ್ಯ ಮೇಲಿನ ತೊಲೆ ನೋಡುತ್ತ ಕೈ ಒಳಗಿಟ್ಟ. ಎರಡು ಬೆರಳು ಒತ್ತಿದ.

"ನನ್ನದೇನು ಕೇಳ್ತಿ, ಊರಿಗೇ ಗೊತ್ತೈತಿ," ಎನ್ನುತ್ತ ಚನ್ನಬಸಯ್ಯ ಕೈ ಇಟ್ಟ. ಒಂದೇ ಬೆರಳು ಒತ್ತಿದ, ಉಗುರು ನೆಡುವಷ್ಟು ಜೋರಾಗಿ.

ಗಾದಿಲಿಂಗಪ್ಪ ಟವೆಲ್ ತೆಗೆಯದೆ ಹಾಗೆಯೇ ಕೂತ. ಇಬ್ಬರೂ ಹೊರಗೆ ಹೊಗಳಿದ್ದನ್ನು ಒಳಗೆ ಕೈಬಿಟ್ಟಿದ್ದರು, ಆದರೂ ಒಮ್ಮತವಿಲ್ಲ. ಮೂವತ್ತು ವರ್ಷದ ದಲ್ಲಾಳಿಕೆಯಲ್ಲಿ ಅವನು ಒಂದು ಬೆರಳೂ ಹೆಚ್ಚುಕಡಿಮೆ ಹೇಳಿದವನಲ್ಲ. ಬಾಗಿಲ ಹಿಂದೆ ಮತ್ತೆ ಬಳೆಗಳು ಸದ್ದು ಮಾಡಿದವು.

"ಸೌದಾ ಆತ್ರಿ," ಎಂದ. "ಇಬ್ಬರದೂ ಎರಡು. ವಿಧವೆ ಉಳಿದಳು."

ಚನ್ನಬಸಯ್ಯನ ಬಾಯಿ ತೆರೆಯಿತು. "ಅಲ್ಲೋ..."

"ಯಾಕ್ರಿ? ನೀವು ಒತ್ತಿದ್ದು ಅದೇ ಅಲ್ಲೇನ್ರಿ?" ಗಾದಿಲಿಂಗಪ್ಪ ಬಹಳ ವಿನಯದಿಂದ ಕೇಳಿದ.

ಅಷ್ಟರಲ್ಲಿ ಗುರುಲಿಂಗಮ್ಮ ಹೊಸ್ತಿಲಿಗೆ ಬಂದು ನಿಂತಿದ್ದಳು. ಗಂಡನನ್ನು ಮದುವೆಯಾದ ಹೊಸದರಲ್ಲಿ ನೋಡಿದಂತೆ ನೋಡುತ್ತಿದ್ದಳು.

"ಅದೇ, ಅದೇ," ಎಂದ ಚನ್ನಬಸಯ್ಯ. ಸಿಟ್ಟನ್ನು ಭಾವಮೈದುನನ ಮೇಲೆ ತಿರುಗಿಸಿದ: "ನೀನೇನೋ? ಇಷ್ಟೊತ್ತು ಭಕ್ತ, ಭಕ್ತ ಅಂತ ಬಡಕೊಂಡಿ!"

"ಹಿರಿಯರು ನೀವು. ನಿಮ್ಮ ಮಾತು ಹೆಂಗ ಮೀರಲ್ರಿ, ಭಾವ?" ಗುರುಪಾದಯ್ಯ ತಲೆ ಬಗ್ಗಿಸಿದ. ನಗು ಮಾತ್ರ ಮೀಸೆಯ ಕೆಳಗೆ ಅಡಗಲಿಲ್ಲ.

ಗುರುಬಸಮ್ಮ ಬೆಲ್ಲ ಹಾಕಿದ ಹಾಲು ತಂದಳು. ಮೊದಲ ಲೋಟ, ತುಂಬ ತುಂಬಿದ್ದು, ಚನ್ನಬಸಯ್ಯನಿಗೆ. "ನಿಮ್ಮಿಂದ ನೋಡಾಂಗಾತ್ರಿ, ಅಣ್ಣಾರ," ಎಂದಳು. ಅವನು ಅದನ್ನು ಕಷಾಯದಂತೆ ಒಂದೇ ಗುಟುಕಿಗೆ ಕುಡಿದ.

ಗಾದಿಲಿಂಗಪ್ಪ ಹೊರಡುವಾಗ ಜಗುಲಿಯ ಕತ್ತಲಲ್ಲಿ ಚನ್ನಬಸಯ್ಯ ಅವನ ರಟ್ಟೆ ಹಿಡಿದ. "ಸುಳ್ಳು ಹೇಳಿದ್ಯಲ್ಲೋ, ಗಾದಿಲಿಂಗಾ!"

"ಹೌದ್ರಿ, ಸುಳ್ಳೇ. ಗೊತ್ತಿರೋದು ನಿಮಗೊಬ್ಬರಿಗೇ. ಬೆಳಿಗ್ಗೆ ಮಾರ್ಕೆಟ್ಟಿನಾಗ ನಿಂತು ಹೇಳಿಬಿಡ್ರಿ, ನನ್ನ ದಲ್ಲಾಳಿಕಿ ಹೋಗ್ಲಿ."

ಒಳಗಿನಿಂದ ಗುರುಲಿಂಗಮ್ಮ ಕೂಗಿದಳು: "ಏನ್ರೀ, ನಾಳೆ ಮೊದಲನೇ ಆಟಕ್ಕ ನೀವೇ ನಮ್ಮನ್ನ ಕರಕೊಂಡು ಹೋಗಬೇಕು ನೋಡ್ರಿ. ಅದರ ರುಚಿ ಗೊತ್ತಿದ್ದಾವರು ನೀವು."

ಚನ್ನಬಸಯ್ಯ ದಲ್ಲಾಳಿಯ ರಟ್ಟೆ ಬಿಟ್ಟ. ಆ ಒಂದು ಬೆರಳಿನ ಮಾತು ತನ್ನ ಬಾಯಿಂದ ಯಾರ ಕಿವಿಗೂ ಬೀಳಬಾರದೆಂದು ನಿಶ್ಚಯಿಸಿಕೊಂಡ. ಆಮೇಲೆ ಒಳಗೆ ಕೇಳುವಂತೆ ಹೇಳಿದ: "ಕರ್ಚೀಪು ಎರಡು ಇಟ್ಕೋ. ನನಗೂ ಒಂದು ಬೇಕಾಗ್ತೈತಿ."